ಮಲ್ಪೆಯ ಕೋಲ್ಡ್ ರೂಮಿನ ಸೆನ್ಸರ್: ನನ್ನ ಅನುಭವ

ಜೂನ್, ಜುಲೈ ಮೀನುಗಾರಿಕೆ ಬೋಟಿಗೆ ರಜೆ. ಮಲ್ಪೆಯ ಧಣಿಯೊಬ್ಬರ ಕೋಲ್ಡ್ ರೂಮ್ ಆ ಎರಡು ತಿಂಗಳು ಬಂದ್ ಇತ್ತು. ಆಗಸ್ಟಿನಲ್ಲಿ ಆನ್ ಮಾಡಿದರೆ ಡಿಸ್‌ಪ್ಲೇ ಮೈನಸ್ 11ಕ್ಕೆ ಬಂದು ನಿಂತಿತು. ಸೆಟ್ಟಿಂಗ್ ಮೈನಸ್ 18. ಕಂಪ್ರೆಸರ್ ಹಗಲು ರಾತ್ರಿ ಓಡುತ್ತಿದೆ. ಒಳಗಿನ ಅಂಜಲ್ ಮೀನು ನೋಡಿದರೆ ಕಲ್ಲು!

ಒಬ್ಬರು ಗ್ಯಾಸ್ ಕಡಿಮೆ ಎಂದರು. ಇನ್ನೊಬ್ಬರು ಕಂಟ್ರೋಲ್ ಬೋರ್ಡ್ ಹೋಗಿದೆ ಎಂದು ಸುಮಾರು ಹನ್ನೆರಡು ಸಾವಿರ ಹೇಳಿದರು. ನಾನು ಸೆನ್ಸರ್ ಎಂದೆ. ಹೊಸ 10ಕೆ ಪ್ರೋಬ್ ಹಾಕಿದೆ, ಇನ್ನೂರೈವತ್ತು ರೂಪಾಯಿಯೋ ಏನೋ. 10ಕೆ ಎಂದರೆ 25 ಡಿಗ್ರಿಯಲ್ಲಿ ಹತ್ತು ಸಾವಿರ ಓಮ್ಸ್ ರೆಸಿಸ್ಟೆನ್ಸ್; ಚಳಿ ಹೆಚ್ಚಿದಂತೆ ಅದು ಏರುತ್ತದೆ, ಬೋರ್ಡ್ ಅದನ್ನೇ ಡಿಗ್ರಿಯಾಗಿ ತೋರಿಸುತ್ತದೆ. ಮತ್ತೆ ಅದೇ ಮೈನಸ್ 11. ಎರಡನೆಯದು ಹಾಕಿದರೂ ಅಷ್ಟೇ. "ಎಂತ ಮಾರಾಯ, ಬೋರ್ಡೇ ಬದಲಿಸುವ" ಎಂದರು ಧಣಿ. ಉಡುಪಿಯಿಂದ ಮೂರು ಸಲ ಹೋಗಿ ಬಂದ ಪೆಟ್ರೋಲ್ ನನ್ನ ಕೈಯದ್ದೇ.

ಈ ಪ್ರೋಬ್ ಸೊನ್ನೆ ಡಿಗ್ರಿಯಲ್ಲಿ ಸುಮಾರು 27ಕೆ ಇರುತ್ತದೆ. ಅದಕ್ಕೇ ಪ್ರೋಬ್ ಬದಲು ಬೋರ್ಡಿನ ಸೆನ್ಸರ್ ಪಾಯಿಂಟಿಗೆ ಎರಡು ರೂಪಾಯಿಯ 27ಕೆ ರೆಸಿಸ್ಟರ್ ಕಟ್ಟಿದೆ. ಸೊನ್ನೆಯ ಹತ್ತಿರ ತೋರಿಸಿತು. ಬೋರ್ಡ್ ಸರಿ ಇದೆ, ಅಲ್ವಾ?

ಆಮೇಲೆ ಐಸ್ ಪರೀಕ್ಷೆ. ಕರಗುವ ಶುದ್ಧ ಐಸಿನಲ್ಲಿ ಪ್ರೋಬ್ ಇಟ್ಟರೆ ಸೊನ್ನೆ ತೋರಿಸಬೇಕು. ಮೊದಲ ಸಲ ಮೀನಿನ ಬಾಕ್ಸಿನ ಐಸ್ ತೆಗೆದುಕೊಂಡೆ. ಅದರಲ್ಲಿ ಉಪ್ಪುನೀರು ಸೇರಿತ್ತು, ಸೊನ್ನೆ ಸಿಗಲೇ ಇಲ್ಲ. ಅರ್ಧ ದಿನ ಹಾಳು. ಆಗಲೇ ಹೊಳೆದದ್ದು, ಉಪ್ಪನ್ನೇ ಬೇಕೆಂದು ಹಾಕಿದರೆ? ಫ್ಲಾಸ್ಕಿನಲ್ಲಿ ಪುಡಿ ಐಸ್, ಮೂರಕ್ಕೆ ಒಂದು ಪಾಲು ಕಲ್ಲುಪ್ಪು. ಥರ್ಮಾಮೀಟರ್ ಮೈನಸ್ 20ರ ಹತ್ತಿರ ಹೋಯಿತು. ಪ್ರೋಬ್ ಇಳಿಸಿದರೆ ಡಿಸ್‌ಪ್ಲೇ ಮೈನಸ್ 10. ಪ್ರೋಬಿನ ಬುಡದಲ್ಲೇ ವಯರ್ ಕತ್ತರಿಸಿ ಮೀಟರ್ ಹಿಡಿದೆ. 65ಕೆ ಚಿಲ್ಲರೆ, ಆ ಚಳಿಗೆ ಸರಿಯಾಗಿಯೇ ಇತ್ತು.

ತೊಂದರೆ ಇದ್ದದ್ದು ಹೊರಗೋಡೆಯ ಡಬ್ಬಿಯಲ್ಲಿ, ಉದ್ದ ಮಾಡಿದ ವಯರಿನ ಟೇಪ್ ಜಾಯಿಂಟಿನಲ್ಲಿ. ಮಳೆಗಾಲದ ಉಪ್ಪುಗಾಳಿಗೆ ಒಳಗೆ ಹಸಿರು ಕಿಲುಬು, ತೇವ. ಎರಡು ತಂತಿಯ ಮಧ್ಯೆ ತೇವದ ಮೂಲಕ ಕರೆಂಟ್ ಸೋರುವ ದಾರಿ, ಅಂದರೆ ನೂರಿಪ್ಪತ್ತು ಕೆ ಆಸುಪಾಸು ಲೀಕೇಜ್. ಹೊರಗಿನ ಬಿಸಿಯಲ್ಲಿ ಪ್ರೋಬ್ 10ಕೆ ಆಸುಪಾಸು ಇರುವಾಗ ಇದು ಗೊತ್ತೇ ಆಗುವುದಿಲ್ಲ, ಎರಡು ಡಿಗ್ರಿ ವ್ಯತ್ಯಾಸ ಅಷ್ಟೇ. ಚಳಿಯಲ್ಲಿ ಪ್ರೋಬಿನ ಓಮ್ಸ್ ಏರಿದಾಗ ಈ ಲೀಕೇಜ್ ಒಟ್ಟು ಓಮ್ಸನ್ನು ತುಂಬ ಇಳಿಸುತ್ತದೆ, ಡಿಸ್‌ಪ್ಲೇ ಹತ್ತು ಡಿಗ್ರಿ ಸುಳ್ಳು ಹೇಳುತ್ತದೆ. ಹೊರಗೆ ಮೀಟರ್ ಹಿಡಿದು "ಸೆನ್ಸರ್ ಲೈನ್ ಓಕೆ" ಎಂದವರೆಲ್ಲ ತಪ್ಪಿದ್ದು ಇಲ್ಲೇ. ಸೋಲಾರ್ ಬಿಸಿನೀರಿನ ಸೆನ್ಸರಿನಲ್ಲಿ ಇದು ಉಲ್ಟಾ. ಅಲ್ಲಿ ಓಮ್ಸ್ ಕಡಿಮೆ, ಲೀಕೇಜಿಗಿಂತ ಲೂಸ್ ಜಾಯಿಂಟೇ ಜಾಸ್ತಿ ಕಾಡುತ್ತದೆ.

ಹಳೆಯ ಜಾಯಿಂಟ್ ಕತ್ತರಿಸಿ ಬೆಸುಗೆ ಹಾಕಿದೆ. ಎರಡು ತಂತಿಯ ಜಾಯಿಂಟ್ ಒಂದೇ ಕಡೆ ಬರದಂತೆ ಮೇಲೆ ಕೆಳಗೆ ಮಾಡಿ ಬೇರೆ ಬೇರೆ ಸ್ಲೀವ್ ಹಾಕಿದೆ. ಡಬ್ಬಿಯ ಬಾಯಿ ಕೆಳಗೆ ತಿರುಗಿಸಿದೆ. ಸ್ಲೀವಿನೊಳಗೆ ತುಂಬಿದ್ದು ಏನು ಎಂಬುದು ನನ್ನ ಹತ್ತಿರವೇ ಇರಲಿ.

ಆ ಸಂಜೆ ಮೈನಸ್ 18ಕ್ಕೆ ಕಂಪ್ರೆಸರ್ ತಾನಾಗಿ ನಿಂತಿತು. ಧಣಿ ಬಾಗಿಲ ಬಳಿ ಐದು ನಿಮಿಷ ಸುಮ್ನೆ ನಿಂತು ಆಲಿಸಿದರು. ಅದಾಗಿ ಇನ್ನೊಂದು ಮಳೆಗಾಲ ಕಳೆದಿದೆ, ಬೋರ್ಡ್ ಹಳೆಯದೇ ಇದೆ.