ಸೊಳ್ಳೆಪರದೆಯ ಹಿಂದೆ ಪಾವಿಯಾ

ಮೇಜಿನ ಮೇಲೆ ಸಣ್ಣ ಗೊಂಬೆಗಳನ್ನಿಟ್ಟು ಹಳೆಯ ಕದನಗಳನ್ನು ಆಡುವ ಬಳಗ ನಮ್ಮದು. ಇಟಲಿಯ ಪಾವಿಯಾ ಕದನವನ್ನು ಸೊಳ್ಳೆಪರದೆ ಇಳಿಬಿಟ್ಟು ಆಡೋಣ ಎಂದು ಮೂರು ವರ್ಷದ ಹಿಂದೆ ನಾನು ಹೇಳಿದಾಗ ಬಳಗದ ಹಿರಿಯ ಆಟಗಾರರೊಬ್ಬರು "ಸೊಳ್ಳೆಪರದೆ ಕಟ್ಟಿಕೊಂಡು ಯಾರಾದರೂ ಯುದ್ಧ ಆಡುತ್ತಾರೆಯೇ?" ಎಂದು ಕೇಳಿದ್ದರು. ಹೋದ ಜನವರಿಯಲ್ಲಿ ಅದೇ ಹಿರಿಯರು ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸನಾಗಿ ಕುಳಿತು, ತಮ್ಮದೇ ಫಿರಂಗಿಗಳ ಬಾಯಿಗೆ ಅಡ್ಡವಾಗಿ ತಮ್ಮದೇ ಕುದುರೆಗಳನ್ನು ನುಗ್ಗಿಸಿ, ಒಂಬತ್ತನೆಯ ಸರದಿಯಲ್ಲಿ ಸೆರೆಸಿಕ್ಕರು. 1525ರ ಫೆಬ್ರವರಿ 24ರ ಬೆಳಗ್ಗೆ ನಿಜವಾದ ಫ್ರಾನ್ಸಿಸ್ ಮಾಡಿದ್ದೂ ಅದನ್ನೇ. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪರದೆ ಮಾಡಿಸಿತು.

ಪಾವಿಯಾವನ್ನು ಮೇಜಿನ ಮೇಲೆ ಇಟ್ಟು ನೋಡಿದವರಿಗೆಲ್ಲ ಅದರ ತೊಡಕು ಗೊತ್ತು. ಫ್ರೆಂಚರು ಪಾವಿಯಾ ಊರಿಗೆ ಮುತ್ತಿಗೆ ಹಾಕಿದ್ದರು; ಅವರ ಎದುರಾಳಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನ್ಯ ರಾತ್ರೋರಾತ್ರಿ ಊರ ಹೊರಗಿನ ಮಿರಬೆಲ್ಲೊ ಬೇಟೆವನದ ಗೋಡೆ ಒಡೆದು, ಮಂಜಿನಲ್ಲಿ ಒಳಗೆ ನುಸುಳಿತು. ಯಾರು ಎಲ್ಲಿದ್ದಾರೆ ಎಂಬುದು ಎರಡೂ ಕಡೆಯವರಿಗೆ ಅರೆಬರೆ ತಿಳಿದಿತ್ತು. ಆ ದಿನದ ಕಥೆಯೆಲ್ಲ ನಿಂತಿರುವುದು ಆ ಅರೆಬರೆಯ ಮೇಲೆ. ನಮ್ಮ ಮೇಜಿನ ಮೇಲಾದರೋ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎರಡೂ ಸೈನ್ಯಗಳು ಮದುವೆಮನೆಯ ಪಂಕ್ತಿಯಂತೆ ಎದುರುಬದುರು ಕುಳಿತಿರುತ್ತವೆ. ಫ್ರೆಂಚ್ ಆಟಗಾರ ಇತಿಹಾಸ ಓದಿಕೊಂಡು ಬಂದಿರುತ್ತಾನೆ. ತನ್ನ ಫಿರಂಗಿದಳದ ಮುಖ್ಯಸ್ಥ ಜೆನುಯಾಕ್‌ನ ಫಿರಂಗಿಗಳ ಮುಂದೆ ಒಂದು ಕುದುರೆಯನ್ನೂ ಬಿಡುವುದಿಲ್ಲ. ಗೋಡೆಯ ಬಿರುಕಿನಿಂದ ಹೊರಬರುವ ತುಕಡಿಗಳನ್ನು ಒಂದೊಂದಾಗಿ ಚಚ್ಚುತ್ತಾನೆ. ನಾವು ಹೀಗೆ ಐದೋ ಆರೋ ಸಲ ಆಡಿದೆವು. ಒಂದು ಸಲ ಬಿಟ್ಟು ಎಲ್ಲವನ್ನೂ ಫ್ರೆಂಚರೇ ಗೆದ್ದರು.

ಮೊದಲು ಚೀಟಿಗಳನ್ನು ನಂಬಿದೆ. ತುಕಡಿಯ ಬದಲು ಬೋರಲು ಹಾಕಿದ ಚೀಟಿ, ಜೊತೆಗೆ ಒಂದಷ್ಟು ಖಾಲಿ ಚೀಟಿ. ಮೂರನೆಯ ಸರದಿಯ ಹೊತ್ತಿಗೆ ಎದುರಾಳಿ ಯಾವುದು ಖಾಲಿ ಎಂದು ನಡೆಯ ವೇಗದಿಂದಲೇ ಕಂಡುಹಿಡಿಯುತ್ತಿದ್ದ. ಆಮೇಲೆ ಎರಡು ಕೋಣೆ, ಎರಡು ನಕ್ಷೆ, ನಡುವೆ ತೀರ್ಪುಗಾರನಾಗಿ ನಾನು. ಮಹಡಿ ಹತ್ತಿ ಇಳಿದು ಹನ್ನೊಂದು ಗಂಟೆ ಕಳೆದವು, ಯುದ್ಧ ಅರ್ಧಕ್ಕೆ ನಿಂತಿತು. ಅದಕ್ಕಿಂತ ದೊಡ್ಡ ಸಂಕಟವೆಂದರೆ ಗೊಂಬೆಗಳು ಇಡೀ ದಿನ ಪೆಟ್ಟಿಗೆಯಲ್ಲೇ ಉಳಿದವು. ನಕ್ಷೆಯ ಮೇಲೆ ಪೆನ್ಸಿಲ್ ಓಡಿಸುವುದೇ ಆಟವಾದರೆ ಎಂಟು ವರ್ಷ ಕುಳಿತು ಬಣ್ಣ ಏಕೆ ಹಚ್ಚಬೇಕಿತ್ತು?

ಆ ಎಂಟು ವರ್ಷದ ಮಾತನ್ನೂ ಹೇಳಿಬಿಡುತ್ತೇನೆ. ನನ್ನವು 15 ಮಿಲಿಮೀಟರ್ ಗೊಂಬೆಗಳು, ಒಂದಕ್ಕೆ ಸುಮಾರು ಐವತ್ತು ಜನರ ಲೆಕ್ಕ, ಎರಡೂ ಕಡೆ ಸೇರಿ 850ರ ಆಸುಪಾಸು. ಮೊದಲ ಮುನ್ನೂರನ್ನು ಲೋಹದಲ್ಲಿ ಇಂಗ್ಲೆಂಡಿನಿಂದ ತರಿಸಿದೆ. ಒಂದು ಸಲ ಅಂಚೆ ವೆಚ್ಚ ಮತ್ತು ಸುಂಕ ಸೇರಿ ಗೊಂಬೆಗಳ ಬೆಲೆಗಿಂತ ಹೆಚ್ಚಾಯಿತು; ಅಂದಿನಿಂದ ಆ ದಾರಿ ಬಿಟ್ಟೆ. ಉಳಿದವನ್ನು ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ವಸ್ತುವಿನಲ್ಲಿ 3D ಮುದ್ರಿಸಿಕೊಂಡೆ, ಒಂದಕ್ಕೆ ಎಂಟರಿಂದ ಹತ್ತು ರೂಪಾಯಿ ಬಿದ್ದಿರಬಹುದು. ಬಣ್ಣ, ಬ್ರಷ್, ಗೊಂಬೆ ನಿಲ್ಲಿಸುವ ಬೇಸ್ ಎಲ್ಲ ಸೇರಿ ಇಲ್ಲಿಯವರೆಗೆ ಅರವತ್ತೈದು ಸಾವಿರ ದಾಟಿದೆ ಎಂದು ನನ್ನ ಅಂದಾಜು. ಮನೆಯಲ್ಲಿ ಹೇಳಿರುವ ಅಂಕಿಯೂ ಇದೇ.

ರೆಸಿನ್ ಗೊಂಬೆಯ ಪೈಕ್, ಅಂದರೆ ಉದ್ದನೆಯ ಈಟಿ, ನಿಲ್ಲುವುದಿಲ್ಲ, ಮುಟ್ಟಿದರೆ ಮುರಿಯುತ್ತದೆ. ಹದಿನೆಂಟು ಅಡಿಯ ಪೈಕ್ ನಮ್ಮ ಅಳತೆಯಲ್ಲಿ ಐದೂವರೆ ಸೆಂಟಿಮೀಟರ್. ಮೊದಲು ಹಿಡಿಸೂಡಿಯ ಕಡ್ಡಿಯ ತುದಿಗಳನ್ನು ಕತ್ತರಿಸಿ ಅಂಟಿಸಿದೆ. ನೋಡಲು ಮರದ ಪೈಕ್‌ನಂತೆಯೇ ಇತ್ತು, ಬಣ್ಣವನ್ನೂ ಚೆನ್ನಾಗಿ ಹಿಡಿಯಿತು. ನಾನಿರುವುದು ಮಂಗಳೂರು, ಜುಲೈ ಬಂದಾಗ ಒಂದೊಂದು ಕಡ್ಡಿಯೂ ಒಂದೊಂದು ದಿಕ್ಕಿಗೆ ಬಾಗಿ, ಚಕ್ರವರ್ತಿಯ ಕಡೆಯ ಸೇನಾನಿ ಫ್ರುಂಡ್ಸ್‌ಬರ್ಗ್‌ನ ಲ್ಯಾಂಡ್ಸ್‌ಕ್ನೆಕ್ಟ್ (ಜರ್ಮನ್ ಬಾಡಿಗೆ ಸೈನಿಕರ) ದಂಡು ಬಿರುಗಾಳಿಗೆ ಸಿಕ್ಕ ಭತ್ತದ ಗದ್ದೆಯಂತಾಯಿತು. ನೈಲಾನ್ ಪೊರಕೆಯ ಎಳೆಗಳು ಬಾಗಲಿಲ್ಲ, ಬಣ್ಣವನ್ನು ಉದುರಿಸಿಬಿಟ್ಟವು. ಕೊನೆಗೆ ಗಿಟಾರಿನ ಉಕ್ಕಿನ ತಂತಿ, ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ತೆಳ್ಳಗಿನದು. ಸುರುಳಿಯಾಗಿ ಬರುವ ತಂತಿಯನ್ನು ಬಾಣದಷ್ಟು ನೆಟ್ಟಗೆ ಮಾಡುವುದೇ ಕಷ್ಟ. ಅದಕ್ಕೊಂದು ಉಪಾಯ ಸಿಕ್ಕಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕಿದವರಿಗೆ ಮಾಡಿ ತೋರಿಸುತ್ತೇನೆ. ಮುನ್ನೂರ ಚಿಲ್ಲರೆ ಪೈಕ್‌ಗಳಲ್ಲಿ ಇವತ್ತಿಗೂ ಒಂದೂ ಬಾಗಿಲ್ಲ.

ಬಣ್ಣದ ಬಗ್ಗೆ ನಿಮಗೆ ಹೇಳಬೇಕಾದ್ದು ಹೆಚ್ಚಿಲ್ಲ. ಒಂದೇ ಮಾತು: ಲ್ಯಾಂಡ್ಸ್‌ಕ್ನೆಕ್ಟ್‌ಗಳ ಸೀಳುಬಟ್ಟೆಗೆ (ಒಳಗಿನ ಬಣ್ಣ ಕಾಣುವಂತೆ ಅಲ್ಲಲ್ಲಿ ಸೀಳಿದ ಉಡುಪಿಗೆ) ಹೆದರಿ ಇಡೀ ದಂಡಿಗೆ ಒಂದೇ ಬಣ್ಣ ಹಚ್ಚಬೇಡಿ. ಅವರಿಗೆ ಸಮವಸ್ತ್ರ ಇರಲಿಲ್ಲ. ನೇಪಲ್ಸ್‌ನ ಕಪೊದಿಮೊಂತೆ ಸಂಗ್ರಹಾಲಯದಲ್ಲಿ ಪಾವಿಯಾ ಕದನದ ಏಳು ಟೇಪೆಸ್ಟ್ರಿಗಳಿವೆ (ನೇಯ್ದ ದೊಡ್ಡ ಚಿತ್ರಗಳು), ಬರ್ನಾರ್ಟ್ ವಾನ್ ಓರ್ಲಿ ರಚಿಸಿದ ವಿನ್ಯಾಸ. ಅವುಗಳ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದು ತೋಳು ಹಳದಿ, ಇನ್ನೊಂದು ಕೆಂಪು, ಒಂದು ಕಾಲಿಗೆ ಪಟ್ಟೆ, ಇನ್ನೊಂದಕ್ಕೆ ಸೀಳು ಎಂದು ಹಚ್ಚುತ್ತಾ ಹೋದೆ. ಸೀಳು ಎಂದರೆ ಎರಡು ಕೂದಲಿನ ಬ್ರಷ್‌ನಿಂದ ಎಳೆದ ತಿಳಿಬಣ್ಣದ ಒಂದು ಗೀರು, ಅಷ್ಟೇ. ಎಂಟು ಗೊಂಬೆ ಮುಗಿಯಲು ಒಂದು ಸಂಜೆ.

ವಾರ್ನಿಷ್ ಮಾತ್ರ ನನ್ನನ್ನು ಅಳಿಸಿತು. ಒಂದು ಆಗಸ್ಟ್‌ನಲ್ಲಿ, ಮಳೆ ಹೊಳವಾಗಿದೆ ಎಂದು ನಂಬಿ, ನಲವತ್ತು ಫ್ರೆಂಚ್ ಜಾನ್‌ದಾರ್ಮ್‌ಗಳಿಗೆ (ಕವಚ ತೊಟ್ಟ ಕುದುರೆ ಸವಾರರಿಗೆ) ಮ್ಯಾಟ್, ಅಂದರೆ ಹೊಳಪಿಲ್ಲದ, ವಾರ್ನಿಷ್ ಸಿಂಪಡಿಸಿದೆ. ಹತ್ತು ನಿಮಿಷದಲ್ಲಿ ಕುದುರೆ, ಕವಚ, ಬಾವುಟ ಎಲ್ಲ ಬೂದಿ ಬಳಿದಂತೆ ಬೆಳ್ಳಗಾದವು. ಮೂರು ತಿಂಗಳ ಕೆಲಸ. ತೆಂಗಿನೆಣ್ಣೆ ಸವರಿದರೆ ಬಣ್ಣ ಮರಳುತ್ತದೆ, ಆದರೆ ವಾರದೊಳಗೆ ಧೂಳು ಹತ್ತುತ್ತದೆ. ಕಡೆಗೆ ಹೊಳಪಿನ ವಾರ್ನಿಷನ್ನು ಬ್ರಷ್‌ನಲ್ಲೇ ಹಚ್ಚಿ, ಜನವರಿಯ ಒಣಹವೆ ಬಂದ ಮೇಲೆ ಮತ್ತೆ ಮ್ಯಾಟ್ ಸಿಂಪಡಿಸಿದೆ. ಮೂವತ್ತೈದು ಉಳಿದವು. ಕರಾವಳಿಯವರು ಜೂನ್‌ನಿಂದ ಅಕ್ಟೋಬರ್‌ವರೆಗೆ ಸ್ಪ್ರೇ ಡಬ್ಬಿಯನ್ನು ಬೀಗ ಹಾಕಿ ಇಡಿ.

ಇನ್ನು ಪರದೆ. ಹೊಳೆದದ್ದು ನಾಟಕ ನೋಡುವಾಗ. ವೇದಿಕೆಯಲ್ಲಿ ಜಾಲರಿ ಪರದೆ ಇಳಿಬಿಟ್ಟು ಮುಂದಿನಿಂದ ಬೆಳಕು ಬಿಟ್ಟರೆ ಅದು ಗೋಡೆ. ಮುಂದಿನ ಬೆಳಕು ಆರಿಸಿ ಹಿಂದೆ ಬೆಳಗಿಸಿದರೆ ಅದೇ ಪರದೆ ಗಾಜು. ಇದು ಮಂಜಲ್ಲದೆ ಇನ್ನೇನು ಎಂದು ಅಲ್ಲೇ ಅಂದುಕೊಂಡೆ. ನಮ್ಮ ಮೇಜು ಹಳೆಯ ಟೇಬಲ್ ಟೆನಿಸ್ ಮೇಜು, ಒಂಬತ್ತು ಅಡಿ ಉದ್ದ. ಮೇಲೆ ಬಟ್ಟೆ ಒಣಗಿಸುವ ಹಗ್ಗಗಳನ್ನು ಅಡ್ಡಕ್ಕೆ ಕಟ್ಟಿ, ಒಂದೂವರೆ ಅಡಿಗೊಂದರಂತೆ ಐದು ಬಿಳಿ ಪರದೆಗಳನ್ನು ಇಳಿಬಿಟ್ಟೆ. ಎರಡು ದೊಡ್ಡ ಸೊಳ್ಳೆಪರದೆಗೆ ಸುಮಾರು ಏಳುನೂರು ರೂಪಾಯಿ, ದರ್ಜಿಗೆ ನೂರೈವತ್ತು. ಆಟಗಾರರು ಮೇಜಿನ ಎರಡು ತುದಿಯಲ್ಲಿ, ಗೀರು ಹಾಕಿದ ಜಾಗದಲ್ಲಿ ನೆಟ್ಟಗೆ ನಿಲ್ಲಬೇಕು, ಬಗ್ಗುವಂತಿಲ್ಲ. ಆದೇಶವನ್ನು ಎರಡು ಸರದಿ ಮುಂಚಿತವಾಗಿ ಬರೆದು ಕೊಡಬೇಕು. ಗೊಂಬೆಗಳನ್ನು ನಡೆಸುವವನು ತೀರ್ಪುಗಾರ.

ಮೊದಲ ಪ್ರಯೋಗ ಅರ್ಧ ಗಂಟೆ ನಡೆಯಿತು. ಫ್ರುಂಡ್ಸ್‌ಬರ್ಗ್‌ನ ದಂಡನ್ನು ಮೂರನೆಯ ಪರದೆಯ ಅಡಿಯಿಂದ ದಾಟಿಸುತ್ತಿದ್ದೆ. ಪೈಕ್‌ನ ತುದಿಗಳು ಬಲೆಯ ಕಣ್ಣುಗಳಿಗೆ ಸಿಕ್ಕಿಕೊಂಡವು. ನನಗೆ ಕಾಣಲಿಲ್ಲ. ಎಳೆದೆ. ಚಿಟ್ ಚಿಟ್ ಎಂಬ ಸದ್ದು ಕೇಳಿಸಿತು, ನೋಡಿದರೆ ಮೂವತ್ತಕ್ಕೂ ಹೆಚ್ಚು ಗೊಂಬೆಗಳು ಬೇಸ್‌ನಿಂದ ಕಿತ್ತು ಪರದೆಯಲ್ಲಿ ಮೀನಿನಂತೆ ನೇತಾಡುತ್ತಿದ್ದವು. ಯಾರೂ ಮಾತಾಡಲಿಲ್ಲ. ಒಬ್ಬರು ಎದ್ದು ಚಹಾ ಮಾಡಲು ಹೋದರು. ಆ ರಾತ್ರಿ ಎರಡು ಗಂಟೆಯವರೆಗೆ ಕತ್ತರಿ ಹಿಡಿದು ಬಿಡಿಸಿದೆ.

ಕತ್ತರಿಯೇ ದಾರಿ ತೋರಿಸಿತು. ಪರದೆಯನ್ನು ಬಾಗಿಲಿಗೆ ಕಟ್ಟುವ ಮಣಿಸರಗಳ ಹಾಗೆ ಎರಡಂಗುಲ ಅಗಲದ ಪಟ್ಟಿಗಳಾಗಿ ಉದ್ದಕ್ಕೆ ಸೀಳಿದೆ. ಈಗ ಕೈ ಹಾಕಿ ಎರಡು ಪಟ್ಟಿ ಸರಿಸಿದರೆ ತುಕಡಿ ದಾಟುತ್ತದೆ. ಪಟ್ಟಿಗಳು ಸುರುಳಿ ಸುತ್ತದಿರಲೆಂದು ಗಂಜಿ ಹಾಕಿದೆ. ಮಳೆಗಾಲದಲ್ಲಿ ಬೂಷ್ಟು ಬಂತು, ಆಟ ಇದ್ದಾಗ ಮಾತ್ರ ಗಂಜಿ ಹಾಕಿ ಆಮೇಲೆ ಒಗೆದು ಮಡಚಿಡುತ್ತೇನೆ. ಬೆಳಕಿಗೆ ಎರಡು ತುದಿಗೂ ಬೆಳಕು ತಗ್ಗಿಸಬಹುದಾದ ತಲಾ ಒಂದು ದೀಪ, ನಡುವೆ ಮೇಲಿನಿಂದ ಒಂದು. ತುದಿಯ ದೀಪಗಳು ಪೂರ್ತಿ ಉರಿಯುವಾಗ ಮೊದಲ ಪರದೆಯಾಚೆ ಶುದ್ಧ ಬಿಳುಪು. ಪ್ರತಿ ಸರದಿಗೂ ಅವನ್ನು ಸ್ವಲ್ಪ ತಗ್ಗಿಸಿ ನಡುವಿನದನ್ನು ಏರಿಸುತ್ತೇನೆ. ನೆರಳುಗಳು ಹುಟ್ಟುತ್ತವೆ, ಕುದುರೆಯೋ ಕಾಲಾಳೋ ಎಂದು ಗೊತ್ತಾಗುವುದಿಲ್ಲ, ಆಮೇಲೆ ಬಾವುಟದ ಬಣ್ಣ ಮೂಡುತ್ತದೆ. ನಡುವಿನ ದೀಪದ ಎತ್ತರ ಮತ್ತು ಓರೆ ಎಷ್ಟು ಎಂಬುದು ನನ್ನಲ್ಲೇ ಇರಲಿ. ನೀವು ಎರಡು ಆಟ ಆಡಿದರೆ ನಿಮಗೇ ಸಿಗುತ್ತದೆ.

ನಾನು ಯೋಚಿಸದೇ ಇದ್ದ ಒಂದು ಲಾಭವೂ ಸಿಕ್ಕಿತು. ಚಕ್ರವರ್ತಿಯ ಸೈನಿಕರು ಕತ್ತಲಲ್ಲಿ ತಮ್ಮವರನ್ನು ಗುರುತಿಸಲು ಕವಚದ ಮೇಲೆ ಬಿಳಿ ಅಂಗಿ ತೊಟ್ಟಿದ್ದರು. ಇತಿಹಾಸಕ್ಕೆ ನಿಷ್ಠೆ ಎಂದು ನಾನೂ ಚಕ್ರವರ್ತಿಯ ಇನ್ನೊಬ್ಬ ಸೇನಾನಿ ಪೆಸ್ಕಾರನ ಸ್ಪ್ಯಾನಿಷ್ ಆರ್ಕಬಸ್ ಬಂದೂಕುಗಾರರಿಗೆ ಬಿಳಿ ಅಂಗಿ ಹಚ್ಚಿದ್ದೆ. ಬಿಳಿ ಪರದೆಯ ಹಿಂದೆ ಅವರು ಕರಗಿಹೋದರು. ಕಾಡಿಗೆ ಎಲೆಯುದುರಿದ ಮರಗಳು ಬೇಕಿದ್ದವು, ಫೆಬ್ರವರಿಯಲ್ಲವೇ. ಲಾವಂಚದ ಬೇರಿನ ಎಳೆಗಳನ್ನು ತಂತಿಗೆ ಸುತ್ತಿ ಮಾಡಿದೆ. ಆ ಕಂದು ಎಳೆಗಳ ನಡುವೆ ಬಿಳಿ ಚುಕ್ಕೆಗಳು ಇದ್ದೂ ಇಲ್ಲದಂತಿರುತ್ತವೆ. ನೆಲಕ್ಕೆ ಒಣಗಿಸಿದ ಕಾಫಿ ಚರಟ ಹಾಕಿದ್ದೆ, ಇರುವೆ ಹತ್ತಿತು. ಈಗ ಜರಡಿ ಹಿಡಿದ ಹೊಳೆಮರಳು.

ಜನವರಿಯ ಆ ಆಟ. ನಾಲ್ಕನೆಯ ಸರದಿಯಲ್ಲಿ ಎರಡನೆಯ ಪರದೆಯಾಚೆ ಚಕ್ರವರ್ತಿಯ ಸೇನಾನಿ ಲನ್ವಾನ ಕುದುರೆಗಳ ನೆರಳು ಕಂಡಿತು. ಹಿರಿಯರು ಒಂದು ಕ್ಷಣ ನಿಂತರು. ಫಿರಂಗಿ ಹಾರಿಸಲು ಗುರಿ ಸರಿಯಾಗಿ ಕಾಣುವುದಿಲ್ಲ. ಕಾದರೆ ನೆರಳು ಜಾರುತ್ತದೆ. ಚೀಟಿಯಲ್ಲಿ "ಜಾನ್‌ದಾರ್ಮ್ ಎಲ್ಲ, ಮುಂದೆ" ಎಂದು ಬರೆದರು. ನುಗ್ಗಿದರು, ಲನ್ವಾನ ಕುದುರೆಗಳು ಚೆದುರಿದವು, ಎರಡು ಸಲ ದಾಳವೂ ಅವರ ಕಡೆಗೇ ಬಿತ್ತು. ಅಷ್ಟರಲ್ಲಿ ದೀಪ ತಗ್ಗಿಸಿದೆ. ಎಡಗಡೆ ಲಾವಂಚದ ಕಾಡು, ಅದರೊಳಗೆ ಬಿಳಿ ಅಂಗಿಗಳು, ಎರಡಡಿ ದೂರದಲ್ಲಿ. ಅವರ ಫಿರಂಗಿಗಳು ಹಿಂದೆ ಸುಮ್ಮನೆ ನಿಂತಿದ್ದವು, ಹಾರಿಸಿದರೆ ಅವರ ಕುದುರೆಗಳಿಗೇ ಬೀಳಬೇಕು. ಹಿರಿಯರು ಚಾಚಿದ ಕೈಯನ್ನು ಹಾಗೇ ಮೇಜಿನ ಅಂಚಿಗೆ ಇಟ್ಟುಕೊಂಡು "ಇವರು ಇಲ್ಲಿ ಯಾವಾಗಿನಿಂದ ಇದ್ದಾರೆ?" ಎಂದು ಕೇಳಿದರು. ಮೊದಲ ಸರದಿಯಿಂದಲೂ ಇದ್ದರು. ಬಲಗಡೆ ಫ್ರೆಂಚರ ಪರವಾಗಿದ್ದ ಕಪ್ಪು ಪಡೆಯ ಲ್ಯಾಂಡ್ಸ್‌ಕ್ನೆಕ್ಟ್‌ಗಳನ್ನು ಫ್ರುಂಡ್ಸ್‌ಬರ್ಗ್‌ನ ದಂಡು ಎರಡು ಕಡೆಯಿಂದ ಅದುಮಿತು. ಫ್ರೆಂಚ್ ಸೇನಾನಿ ಅಲಾಂಸೋನ ಹಿಂಬದಿಯ ತುಕಡಿ ಐದನೆಯ ಪರದೆಯ ಹಿಂದೆ ಏನೂ ಕಾಣದೆ ನಿಂತಿತ್ತು. ಅದನ್ನು ಆಡುತ್ತಿದ್ದ ಹುಡುಗ ಗದ್ದಲ ಕೇಳಿ, ಎಲ್ಲ ಮುಗಿಯಿತೆಂದು ತಾನಾಗಿಯೇ ಹಿಮ್ಮೆಟ್ಟುವ ಚೀಟಿ ಕೊಟ್ಟ. ಅಲಾಂಸೋ ಮಾಡಿದ್ದೂ ಅದೇ ಎಂದು ಅವನಿಗೆ ಗೊತ್ತಿರಲಿಲ್ಲ.

ಅದಾದ ಮೇಲೆ ಇನ್ನೂ ಮೂರು ಸಲ ಆಡಿದ್ದೇವೆ. ಎರಡು ಚಕ್ರವರ್ತಿಯ ಕಡೆಗೆ, ಒಂದು ಫ್ರೆಂಚರಿಗೆ. ಆಟ ಐದು ಗಂಟೆಯಲ್ಲಿ ಮುಗಿಯುತ್ತದೆ.

ಇದೇ ಉತ್ಸಾಹದಲ್ಲಿ ರಾಯಚೂರು ಕದನವನ್ನೂ ಇಟ್ಟು ನೋಡಿದೆ. 1520, ಪಾವಿಯಾಕ್ಕಿಂತ ಐದೇ ವರ್ಷ ಮೊದಲು. ಕೃಷ್ಣದೇವರಾಯನ ಕಡೆ ಕ್ರಿಸ್ತೊವಾವೊ ಡಿ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರಿದ್ದರು, ಕೋಟೆಯ ಮೇಲಿನವರನ್ನು ಹೊಡೆದುರುಳಿಸಿದರು. ನನ್ನ ಸ್ಪ್ಯಾನಿಷ್ ಬಂದೂಕುಗಾರರನ್ನೇ ಅಲ್ಲಿಗೆ ಕಳಿಸಿದೆ. ಪೂಜಾ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಅಂಗುಲದೆತ್ತರದ ಹಿತ್ತಾಳೆ ಆನೆಗಳು 15 ಮಿಲಿಮೀಟರ್ ಅಳತೆಗೆ ಹೇಳಿ ಮಾಡಿಸಿದಂತಿವೆ, ಹನ್ನೆರಡಕ್ಕೆ ಸಾವಿರ ಚಿಲ್ಲರೆ ಕೊಟ್ಟೆ. ನೆಲಕ್ಕೆ ನಮ್ಮ ಹಂಚಿನ ಪುಡಿ. ಇಸ್ಮಾಯಿಲ್ ಆದಿಲ್ ಶಾಹನ ಫಿರಂಗಿಗಳು ಒಮ್ಮೆಲೇ ಹಾರಿದ ಹೊಗೆಯನ್ನು ಪರದೆಯಲ್ಲಿ ತೋರಿಸಲು ಹೋದೆ, ಆಗಲಿಲ್ಲ. ಹೊಗೆ ಒಂದು ಜಾಗದಲ್ಲಿ ಹುಟ್ಟಿ ಹರಡುತ್ತದೆ, ಮಂಜಿನಂತೆ ಮೇಜಿನುದ್ದಕ್ಕೂ ನಿಲ್ಲುವುದಿಲ್ಲ. ಹತ್ತಿಯೇ ಸರಿ. ಆನೆಗಳಿಗೆ ಬಣ್ಣ ಮುಗಿಸಿ ಆ ಕದನವನ್ನು ಬೇರೆಯಾಗಿ ಬರೆಯುತ್ತೇನೆ.

ಪಾವಿಯಾದಲ್ಲಿ ಇನ್ನೊಂದು ಕೆಲಸ ಬಾಕಿ ಇದೆ. ಊರೊಳಗೆ ಮುತ್ತಿಗೆಗೆ ಸಿಕ್ಕಿದ್ದ ಚಕ್ರವರ್ತಿಯ ಸೇನಾನಿ ಲೇವಾ ತನ್ನ ಪಡೆಯೊಂದಿಗೆ ಹೊರಗೆ ನುಗ್ಗಿದ್ದನ್ನು ಇದುವರೆಗೆ ಬರೀ ದಾಳ ಹಾಕಿ ನಿರ್ಧರಿಸುತ್ತಿದ್ದೇವೆ. ಅವನಿಗೊಂದು ಸಣ್ಣ ಮೇಜು, ಅದಕ್ಕೆ ಇನ್ನೆರಡು ಪರದೆ ಬೇಕು, ಹೊಲಿಯಲು ಕೊಟ್ಟಿದ್ದೇನೆ. ನೀವು ಕೊಳ್ಳುವುದಾದರೆ ಅಚ್ಚ ಬಿಳಿಯದನ್ನೇ ಕೊಳ್ಳಿ. ನಾನೊಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ನೀಲಿಯದನ್ನು ತಂದಿದ್ದೆ; ಹನ್ನೆರಡನೆಯ ಸರದಿಯಲ್ಲೂ ಬೆಳಗಾಗಲಿಲ್ಲ.