ಐಸ್‌ಲ್ಯಾಂಡಿನಲ್ಲಿ ಕಾರು ಓಡಿಸುವುದು ಸುಲಭ, ಬಾಗಿಲು ತೆಗೆಯುವುದೇ ಕಷ್ಟ

ರಾಜಧಾನಿ ರೇಕ್ಯವಿಕ್‌ನಿಂದ ಯೋಕುಲ್ಸಾರ್ಲೋನ್ ಸರೋವರಕ್ಕೆ ಸುಮಾರು 370 ಕಿ.ಮೀ. ಒಂದನೇ ನಂಬರ್ ರಸ್ತೆ ಹಿಡಿದರೆ ಸಾಕು. ಒಂದೇ ದಿನದಲ್ಲಿ ಹೋಗಿ ಬರುವ ಹಟ ಬೇಡ, ವೀಕ್ ಊರಲ್ಲಿ ಒಂದು ರಾತ್ರಿ ಉಳಿಯಿರಿ.

1. ಬೇಸಿಗೆಯಲ್ಲಿ ಈ ದಾರಿಗೆ ಚಿಕ್ಕ ಕಾರೇ ಸಾಕು. ನಂಬರ್ ಎಫ್ ಅಕ್ಷರದಿಂದ ಶುರುವಾಗುವ ಬೆಟ್ಟದ ರಸ್ತೆಗಳಿಗೆ ಮಾತ್ರ ಫೋರ್ ವೀಲ್ ಡ್ರೈವ್ ಬೇಕೇ ಬೇಕು.

2. ಇಲ್ಲಿ ಬಲಗಡೆ ಓಡಿಸಬೇಕು. ಡಾಂಬರು ರಸ್ತೆಯಲ್ಲಿ ಊರಾಚೆ 90 ಕಿ.ಮೀ. ಮಿತಿ. ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. ಒಂದೇ ಗಾಡಿ ಹಿಡಿಸುವ ಸೇತುವೆಗೆ ಮೊದಲು ಬಂದವರೇ ಮೊದಲು ಹೋಗುತ್ತಾರೆ. ಹಾರ್ನ್ ಹೊಡೆಯಬೇಡಿ.

3. ಈಗ ಬಾಗಿಲು. ಸುಮ್ನೆ ನಗಬೇಡಿ. ಸ್ಕೋಗಾಫಾಸ್ ಜಲಪಾತದ ಹತ್ತಿರ ನಮ್ಮ ಭಾವ ಕಾರು ನಿಲ್ಲಿಸಿ, ಮನೆ ಮುಂದೆ ತೆಗೆದ ಹಾಗೆ ಬಾಗಿಲು ತೆಗೆದರು. ಟಕ್ ಅಂತ ಒಂದು ಸದ್ದು. ಕೀಲು ಬಗ್ಗಿ, ಬಾಗಿಲು ಮುಂದಿನ ಚಕ್ರದ ಮೇಲಿನ ತಗಡಿಗೆ ಬಡಿದಿತ್ತು. ಮುಚ್ಚಲು ಆಗಲೇ ಇಲ್ಲ. ಗಾಳಿಗೆ ಹೋದ ಬಾಗಿಲಿಗೆ ಸಾಮಾನ್ಯವಾಗಿ ಇನ್ಶೂರೆನ್ಸ್ ಬರುವುದಿಲ್ಲ.

ಅದಕ್ಕೇ ಇಳಿಯುವ ಮೊದಲು ಹುಲ್ಲು ಎತ್ತ ಬಾಗಿದೆ ನೋಡಿ. ಕಾರಿನ ಮೂತಿ ಗಾಳಿಗೆ ಎದುರಾಗಿರಲಿ, ಆಗ ಗಾಳಿಯೇ ಬಾಗಿಲನ್ನು ಒಳಕ್ಕೆ ತಳ್ಳುತ್ತದೆ. ಬೆರಳು ಜೋಪಾನ. ಗಾಳಿ ಹಿಂದಿನಿಂದ ಬಂದರೆ ಬಾಗಿಲು ನಿಮ್ಮ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಗಾಜು ಸ್ವಲ್ಪ ಇಳಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಒಬ್ಬೊಬ್ಬರೇ ಇಳಿಯಿರಿ. ಮಕ್ಕಳ ಕೈಗೆ ಬಾಗಿಲು ಕೊಡಲೇಬೇಡಿ.

ಹವಾಮಾನ ವರದಿಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಇರುತ್ತದೆ. 15 ಅಂದರೆ ಸಣ್ಣದಲ್ಲ, ಗಂಟೆಗೆ 54 ಕಿ.ಮೀ. 20 ದಾಟಿದರೆ ನಾನಂತೂ ಹೋಟೆಲಲ್ಲೇ ಕೂರುತ್ತೇನೆ.

4. ಜಲಪಾತಕ್ಕೆ ಕೊಡೆ ಬೇಡ, ತೆಳು ಪ್ಲಾಸ್ಟಿಕ್ ರೇನ್‌ಕೋಟಂತೂ ದುಡ್ಡು ದಂಡ. ಐದು ನಿಮಿಷಕ್ಕೆ ಹರಿಯುತ್ತದೆ. ಗಟ್ಟಿ ಜಾಕೆಟ್ ತನ್ನಿ.

5. ರೇನಿಸ್‌ಫ್ಯಾರಾದ ಕಪ್ಪು ಮರಳಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಬೇಡಿ. ಹತ್ತು ಅಲೆ ಸುಮ್ಮನೆ ಬಂದು ಹೋಗುತ್ತವೆ, ಹನ್ನೊಂದನೆಯದು ಸೆಲ್ಫಿ ತೆಗೆಯುವವರನ್ನೇ ಎಳೆದುಕೊಳ್ಳುತ್ತದೆ. ಇಲ್ಲಿ ಜನ ಸತ್ತಿದ್ದಾರೆ.

6. ವೀಕ್ ದಾಟಿ ಮುಂದೆ ಹೋದರೆ ಕಪ್ಪು ಮರಳಿನ ಬಯಲು. ಸ್ಕಾಫ್ಟಾಫೆಲ್ ಹತ್ತಿರ ಸೊಟ್ಟಗಾದ ಕಬ್ಬಿಣದ ತೊಲೆಗಳನ್ನು ಇಳಿದು ನೋಡಿ. 1996ರಲ್ಲಿ ವಾಟ್ನಾಯೋಕುಲ್ ಹಿಮನದಿಯ ಅಡಿಯಲ್ಲಿ ಜ್ವಾಲಾಮುಖಿ ಸಿಡಿದು ಐಸ್ ಕರಗಿತು. ಆ ನೀರು ನವೆಂಬರಿನಲ್ಲಿ ಒಮ್ಮೆಲೇ ನುಗ್ಗಿ ಸೇತುವೆಯನ್ನು ಹೀಗೆ ತಿರುಚಿತು.

ಇಳಿಯುವಾಗ ಬಾಗಿಲು ಹಿಡಿದುಕೊಳ್ಳಿ. ಬಯಲಲ್ಲಿ ಗಾಳಿ ಇನ್ನೂ ಜಾಸ್ತಿ.