ಬೀಗರ ವಂಶ ಸಿಕ್ಕಿದ್ದು ಜಮೀನಿನ ಕಾಗದದಲ್ಲಿ

ವಂಶ ಹುಡುಕುವುದು ಅಂದ ಕೂಡಲೇ ಜನ ಹುಟ್ಟಿದ ದಾಖಲೆಯ ಹಿಂದೆ ಬೀಳುತ್ತಾರೆ. ಅಮೆರಿಕದ ಹಳೇ ಮನೆತನಗಳ ವಿಷಯದಲ್ಲಿ ಅದು ಅರ್ಧ ದಾರಿಗೂ ಸಾಲುವುದಿಲ್ಲ. ನನಗೆ ದಾರಿ ತೋರಿಸಿದ್ದು ಕ್ರಯಪತ್ರ, ವಾಟ್ನಿ (ಆಸ್ತಿ ಪಾಲು) ಪತ್ರ ಮತ್ತು ವಾರಸುದಾರರ ತಕರಾರು. ಧಾರವಾಡದಲ್ಲಿ ವರ್ಷಗಟ್ಟಲೆ ಜಮೀನಿನ ಸಿವಿಲ್ ಕೇಸುಗಳನ್ನೇ ನಡೆಸಿದವನಿಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ.

ನಿವೃತ್ತಿಯಾದ ಮೇಲೆ ಓಹಾಯೋದಲ್ಲಿ ಮಗನ ಮನೆಯಲ್ಲಿದ್ದೇನೆ. ಸೊಸೆ ಇಲ್ಲಿಯ ಹಳೇ ಮನೆತನದವಳು. ಅವಳ ತಂದೆ, ಅಂದರೆ ನಮ್ಮ ಬೀಗರು, ಸಿಕ್ಕಾಗಲೆಲ್ಲ ಒಂದು ಮಾತು ಹೇಳುತ್ತಿದ್ದರು: ನಮ್ಮ ಹಿರಿಯರು ಮೇಫ್ಲವರ್ ಹಡಗಿನಲ್ಲಿ ಬಂದವರು. 1620ರಲ್ಲಿ ಇಂಗ್ಲೆಂಡಿನಿಂದ ವಲಸಿಗರನ್ನು ಹೊತ್ತು ಬಂದ ಆ ಹಡಗಿನಲ್ಲಿದ್ದವರು 102 ಪ್ರಯಾಣಿಕರು. ಅವರು ನೆಲೆಯೂರಿದ ಪ್ಲಿಮತ್‌ನ ಮೊದಲ ಚಳಿಗಾಲದಲ್ಲೇ ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಆದರೂ ಇಲ್ಲಿ ಯಾರನ್ನು ಮಾತಾಡಿಸಿದರೂ ಮೇಫ್ಲವರ್ ಬಂದೇ ಬರುತ್ತದೆ. ಸಾಕ್ಷಿ ಏನಿದೆ ಅಂತ ಕೇಳಿದೆ, ವಕೀಲನ ಚಟ. ಅಜ್ಜಿ ಹೇಳಿದ ಮಾತು ಇತ್ತು. ಜೊತೆಗೆ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಒಂದು ವಂಶವೃಕ್ಷ ಇತ್ತು. ನಮ್ಮ ಕಡೆ ಆದರೆ ಹೆಳವರು ಎತ್ತಿನ ಜೊತೆ ಮನೆ ಮುಂದೆ ಬಂದು ತಲೆಮಾರುಗಳ ಹೆಸರು ಹೇಳುತ್ತಿದ್ದರು. ಇಲ್ಲಿ ಹೆಳವರಿಲ್ಲ, ನೋಂದಣಿ ಕಚೇರಿ ಇದೆ.

ಆ ಇಂಟರ್ನೆಟ್ ವೃಕ್ಷವನ್ನು ಮೊದಲೇ ಪಕ್ಕಕ್ಕಿಟ್ಟೆ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಇಳಿಸಿಕೊಂಡ ವೃಕ್ಷಗಳು ಇಲ್ಲಿ ಲೆಕ್ಕವಿಲ್ಲದಷ್ಟಿವೆ. ಇದು ಇಂದಿನ ರೋಗವೂ ಅಲ್ಲ. ನೂರು ವರ್ಷದ ಹಿಂದೆ ಗುಸ್ತಾವ್ ಆಂಜು ಅಂತ ಒಬ್ಬನಿದ್ದ. ಸ್ವೀಡನ್ನಿನಿಂದ ನ್ಯೂಯಾರ್ಕಿಗೆ ಬಂದವನು. ದುಡ್ಡಿದ್ದವರಿಗೆ ಬೇಕಾದ ವಂಶಾವಳಿ ಬರೆದುಕೊಡುವುದೇ ಅವನ ಕಸುಬು, ದಾಖಲೆಗಳನ್ನು ತಾನೇ ಹುಟ್ಟಿಸುತ್ತಿದ್ದ. ಅವನು ಕಟ್ಟಿದ ಸುಳ್ಳುಗಳು ಇವತ್ತಿಗೂ ವೃಕ್ಷಗಳಲ್ಲಿ ಕಾಣಿಸುತ್ತವೆ.

ಗೊತ್ತಿರುವವರಿಂದ ಶುರು ಮಾಡಿ ಹಿಂದಕ್ಕೆ ಹೋಗಬೇಕು, ಒಂದೊಂದೇ ತಲೆಮಾರು. 1950ರ ಜನಗಣತಿಯವರೆಗೆ ಈಗ ಎಲ್ಲರೂ ನೋಡಬಹುದು. 72 ವರ್ಷ ಆದ ಮೇಲೆ ಬಿಡುಗಡೆ ಮಾಡುವ ಪದ್ಧತಿ ಇದೆ, ಹಾಗಾಗಿ ಅದು 2022ರಲ್ಲಿ ಹೊರಬಂತು. ಅಲ್ಲಿಂದ 1850ರವರೆಗೆ ಕೆಲಸ ಸಲೀಸು. 1890ರದ್ದು ಮಾತ್ರ ಬಹುಪಾಲು ಇಲ್ಲ. 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿದ್ದು ಹಾಳಾಯ್ತು.

1850ಕ್ಕಿಂತ ಹಿಂದೆ ಹೋದರೆ ಕತ್ತಲೆ. ಜನಗಣತಿ 1790ರಿಂದಲೇ ಇದೆ ನಿಜ. ಆದರೆ ಮನೆಯ ಯಜಮಾನನ ಹೆಸರು ಬಿಟ್ಟರೆ ಮಿಕ್ಕವರೆಲ್ಲ ಬರೀ ಅಂಕಿ. ಇಂಥ ವಯಸ್ಸಿನ ಗಂಡಸರು ಇಷ್ಟು, ಹೆಂಗಸರು ಇಷ್ಟು. ಹೆಂಡತಿ ಯಾರು, ಮಕ್ಕಳು ಯಾರು, ಒಂದೂ ಗೊತ್ತಾಗುವುದಿಲ್ಲ. ಜಾಸ್ತಿ ಜನ ಕೈಚೆಲ್ಲುವುದು ಇಲ್ಲೇ.

ನನಗೆ ಬಾಗಿಲು ತೆರೆದದ್ದು 1840ರ ಗಣತಿಯ ಒಂದು ಕಾಲಂ. ಆ ವರ್ಷ ಸರ್ಕಾರ ಸೈನಿಕ ಪಿಂಚಣಿದಾರರ ಹೆಸರು, ವಯಸ್ಸು ಬರೆಸಿತು. ಅದಿರುವುದು ಹಾಳೆಯ ಎರಡನೇ ಪುಟದಲ್ಲಿ. ಹೆಸರು ನೋಡಿ ಮುಂದೆ ಹೋಗುವವರು ಆ ಪುಟ ತಿರುಗಿಸುವುದೇ ಇಲ್ಲ. ಓಹಾಯೋದ ಆಷ್ಟಬ್ಯೂಲಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ನಮ್ಮ ಬೀಗರ ಹಿರಿಯನ ಮನೆಯ ಸಾಲಿಗೆ ಎದುರಾಗಿ ಅದೇ ಮನೆತನದ ಹೆಸರಿನ ಒಬ್ಬ ಪಿಂಚಣಿದಾರ ಇದ್ದ, ವಯಸ್ಸು 82. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಇದ್ದವನು, ಈಗ ಮಗನ ಮನೆಯಲ್ಲಿ ಇದ್ದಾನೆ ಅಂತ ಊಹಿಸಿದೆ. ಊಹೆ ಸಾಕ್ಷಿಯಲ್ಲ, ಆದರೆ ಮುಂದೆ ಎಲ್ಲಿ ಹುಡುಕಬೇಕು ಅಂತ ತಿಳಿಯಿತು.

ಆ ಯುದ್ಧದ ಪಿಂಚಣಿ ಕಡತಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವುಗಳ ಚಿತ್ರಗಳು ಈಗ ಮನೆಯಲ್ಲೇ ನೋಡಲು ಸಿಗುತ್ತವೆ. ಇವು ಇಷ್ಟು ದಪ್ಪ ಇರುವುದಕ್ಕೂ ಒಂದು ಬೆಂಕಿಯೇ ಕಾರಣ. 1800ರಲ್ಲಿ ಯುದ್ಧ ಇಲಾಖೆಯ ಕಚೇರಿ ಸುಟ್ಟು ಸೈನ್ಯದ ಕಾಗದಗಳು ಹೋದವು. ಹಾಗಾಗಿ 1832ರ ಕಾನೂನಿನಲ್ಲಿ ಪಿಂಚಣಿ ಬೇಕಾದವನು ಕೋರ್ಟಿಗೆ ಬಂದು ಪ್ರಮಾಣ ಮಾಡಿ ತನ್ನ ಕಥೆ ತಾನೇ ಹೇಳಬೇಕಿತ್ತು. ಕೇಳುವ ಪ್ರಶ್ನೆಗಳೂ ನಿಗದಿಯಾಗಿದ್ದವು. ಎಲ್ಲಿ ಹುಟ್ಟಿದೆ, ಯಾವ ವರ್ಷ? ವಯಸ್ಸಿಗೆ ದಾಖಲೆ ಇದೆಯಾ, ಎಲ್ಲಿದೆ? ಸೈನ್ಯಕ್ಕೆ ಸೇರುವಾಗ ಎಲ್ಲಿದ್ದೆ, ಯುದ್ಧ ಮುಗಿದ ಮೇಲೆ ಎಲ್ಲೆಲ್ಲಿ ಇದ್ದೆ? ವಂಶ ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಬೇಕಾ? ನಮ್ಮ ಮುದುಕ ಸರಿಯಾಗಿಯೇ ಉತ್ತರ ಕೊಟ್ಟಿದ್ದ. ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನ ಇಪ್ಸ್‌ವಿಚ್‌ನಲ್ಲಿ, 1758. ಯುದ್ಧ ಮುಗಿದ ಮೇಲೆ ವರ್ಮಾಂಟ್‌ನ ವಿಂಡ್ಸರ್ ಕೌಂಟಿ. ಆಮೇಲೆ ಓಹಾಯೋ, ಈ ಮಗನ ಜೊತೆ. ಆ ಮಗನ ಹೆಸರನ್ನೂ ಹೇಳಿದ್ದ. ವಿಧವೆಯರು ಅರ್ಜಿ ಹಾಕಿದ ಕಡತಗಳಲ್ಲಿ ಮನೆಯ ಬೈಬಲ್ಲಿನಿಂದ ಹರಿದುಕೊಟ್ಟ ಪುಟಗಳು ಕೂಡ ಸಿಗುತ್ತವೆ. ಮಕ್ಕಳ ಹುಟ್ಟು, ಸಾವು ಎಲ್ಲ ಅದರಲ್ಲಿ ಬರೆದಿರುತ್ತದೆ. ನಮಗೆ ಆ ಅದೃಷ್ಟ ಇರಲಿಲ್ಲ.

ಇಪ್ಸ್‌ವಿಚ್‌ನಂಥ ಊರುಗಳ ಹುಟ್ಟು, ಮದುವೆ, ಸಾವಿನ ದಾಖಲೆಗಳು 1850ರ ಹತ್ತಿರದವರೆಗೂ ಅಚ್ಚಾಗಿವೆ. ತೆಗೆದು ನೋಡಿದರೆ ಒಂದೇ ಹೆಸರಿನ ಇಬ್ಬರು ಹುಡುಗರು! ಹೆಚ್ಚು ಅಂತರವಿಲ್ಲದೆ ಬೇರೆಬೇರೆ ಮನೆಗಳಲ್ಲಿ ಹುಟ್ಟಿದವರು. ಬೀಗರ ಇಂಟರ್ನೆಟ್ ವೃಕ್ಷ ಅವರಲ್ಲಿ ಒಬ್ಬನನ್ನು ಆರಿಸಿಕೊಂಡಿತ್ತು. ಯಾಕೆ ಅಂತ ಬೇಗ ತಿಳಿಯಿತು. ಆ ಹುಡುಗನ ತಾಯಿಯ ಕಡೆಯಿಂದ ಪ್ಲಿಮತ್‌ಗೆ ದಾರಿ ಇತ್ತು.

ಇಲ್ಲಿ ಅಚ್ಚಿನ ದಾಖಲೆ ಕೈಕೊಟ್ಟಿತು. ನನ್ನ ಹಳೇ ಕಸುಬು ಕೈಹಿಡಿಯಿತು.

ಇಪ್ಸ್‌ವಿಚ್ ಇರುವ ಎಸೆಕ್ಸ್ ಕೌಂಟಿಯ ಹಳೇ ಕ್ರಯಪತ್ರಗಳ ಪುಸ್ತಕಗಳು ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿವೆ. ಕೊಟ್ಟವರ ಇಂಡೆಕ್ಸ್ ಒಂದು, ಕೊಂಡವರ ಇಂಡೆಕ್ಸ್ ಒಂದು, ಥೇಟ್ ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿ. ಒಂದು ವಿಷಯ ಗಮನದಲ್ಲಿರಲಿ: ಮ್ಯಾಸಚೂಸೆಟ್ಸ್, ಓಹಾಯೋಗಳಲ್ಲಿ ಇವು ಕೌಂಟಿಯ ಮಟ್ಟದಲ್ಲಿವೆ. ವರ್ಮಾಂಟ್‌ನಲ್ಲಿ ಆಯಾ ಊರಿನ ಕ್ಲರ್ಕ್ ಹತ್ತಿರವೇ ಇರುತ್ತವೆ. ಊರು ಗೊತ್ತಿಲ್ಲದಿದ್ದರೆ ಸುಮ್ನೆ ಅಲೆದಾಟ. ಬಹಳಷ್ಟು ಪುಸ್ತಕಗಳ ಚಿತ್ರ ಫ್ಯಾಮಿಲಿಸರ್ಚ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅದನ್ನು ನಡೆಸುವವರು ಮಾರ್ಮನ್ ಚರ್ಚಿನವರು. ಕೆಲವನ್ನು ಮಾತ್ರ ಅವರ ಕೇಂದ್ರಕ್ಕೋ ಅವರ ಜೊತೆಗಿರುವ ಲೈಬ್ರರಿಗೋ ಹೋಗಿ ನೋಡಬೇಕು. 2024ರಲ್ಲಿ ಅವರು ಕೈಬರಹದ ಒಳಗಿನ ಪದಗಳನ್ನೇ ಹುಡುಕುವ ಸೌಲಭ್ಯ ತಂದರು, ಮೊದಲು ಬಂದದ್ದು ಅಮೆರಿಕದ ಜಮೀನು ಮತ್ತು ವಿಲ್ ದಾಖಲೆಗಳಿಗೇ. ಇಂಡೆಕ್ಸಿನಲ್ಲಿ ಇರುವುದು ಕೊಟ್ಟವರು, ಕೊಂಡವರು ಮಾತ್ರ. ಸಾಕ್ಷಿ ಹಾಕಿದವರು, ಚಕ್ಕುಬಂದಿಯಲ್ಲಿ ಬರುವ ಪಕ್ಕದ ಜಮೀನಿನವರು ಈಗ ಸಿಗುತ್ತಾರೆ. ಆ ಪಕ್ಕದವರು ಎಷ್ಟೋ ಸಲ ಅಣ್ಣನೋ ಮಾವನೋ ಆಗಿರುತ್ತಾರೆ.

ಇಲ್ಲಿಯ ಚಕ್ಕುಬಂದಿ ಓದುವುದೇ ಒಂದು ಖುಷಿ. ಗುರುತು ಹಾಕಿದ ಬಿಳಿ ಓಕ್ ಮರದಿಂದ ಶುರುವಾಗಿ, ಇಷ್ಟು ರಾಡ್ ಪೂರ್ವಕ್ಕೆ, ಕಲ್ಲಿನ ಗುಡ್ಡೆಯವರೆಗೆ, ಅಲ್ಲಿಂದ ಹಳ್ಳದ ದಂಡೆ ಹಿಡಿದು. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ.

ಈ ಹುಡುಕಾಟದಲ್ಲಿ ನಮ್ಮ ಮುದುಕ ವರ್ಮಾಂಟ್‌ನಲ್ಲಿದ್ದಾಗ ಬರೆದುಕೊಟ್ಟ ಒಂದು ಪತ್ರ ಸಿಕ್ಕಿತು. ತೀರಿಕೊಂಡ ತನ್ನ ತಂದೆಯ ಇಪ್ಸ್‌ವಿಚ್ ಜಮೀನಿನಲ್ಲಿ ತನ್ನ ಆರನೇ ಒಂದು ಪಾಲನ್ನು ಅಣ್ಣನಿಗೆ ಮಾರಿದ್ದ. ತಂದೆಯ ಹೆಸರು, ಅಣ್ಣನ ಹೆಸರು, ತನ್ನ ಈಗಿನ ಊರು, ಎಲ್ಲ ಒಂದೇ ಹಾಳೆಯಲ್ಲಿ. ಕೆಳಗೆ ಹೆಂಡತಿ ತನ್ನ ಹಕ್ಕು ಬಿಟ್ಟುಕೊಟ್ಟ ಸಹಿ. ಅವನು ಬೀಗರ ವೃಕ್ಷದಲ್ಲಿದ್ದ ಹುಡುಗ ಅಲ್ಲ, ಇನ್ನೊಬ್ಬ. ಇಷ್ಟಕ್ಕೇ ನಿಲ್ಲಿಸಬಾರದು, ಎದುರು ಪಕ್ಷದ ಸಾಕ್ಷಿಯನ್ನೂ ನೋಡಬೇಕು. ಆ ಮೊದಲ ಹುಡುಗ ಏನಾದ? 1780ರ ದಶಕದಲ್ಲೇ ಸತ್ತಿದ್ದ. ಅವನ ಆಸ್ತಿ ವಿಲೇವಾರಿಯಾದ ಕಡತ ಎಸೆಕ್ಸ್ ಪ್ರೊಬೇಟ್ ದಾಖಲೆಗಳಲ್ಲಿ ಇದೆ. ಸತ್ತವನು ಓಹಾಯೋಗೆ ಬರಲು ಸಾಧ್ಯವಿಲ್ಲ. ಮೇಫ್ಲವರ್ ಅಲ್ಲಿಗೆ ಮುಳುಗಿತು.

ಆರನೇ ಒಂದು ಪಾಲು ಅನ್ನುವುದನ್ನು ನಾನು ಸುಮ್ಮನೆ ಬಿಡಲಿಲ್ಲ. ಆಗ ಮ್ಯಾಸಚೂಸೆಟ್ಸ್ ಕಾನೂನಿನಲ್ಲಿ, ವಿಲ್ ಬರೆಯದೆ ಸತ್ತವನ ಹಿರಿಯ ಮಗನಿಗೆ ಎರಡು ಪಾಲು. ಆ ನಿಯಮ 1789ರವರೆಗೆ ಇತ್ತು. ಇವನ ತಂದೆ ಸತ್ತದ್ದು ಅದಕ್ಕೂ ಮುಂಚೆ. ಹಾಗಾದರೆ ಆರು ಪಾಲು ಅಂದರೆ ಮಕ್ಕಳು ಐದು. ಅಚ್ಚಿನ ದಾಖಲೆಯಲ್ಲಿ ಇರುವುದು ನಾಲ್ಕೇ ಮಕ್ಕಳು. ಐದನೆಯವರು ಯಾರು? ಅದೇ ಅಣ್ಣ ಕೊಂಡ ಬೇರೆ ಪತ್ರಗಳನ್ನು ನೋಡುತ್ತಾ ಹೋದೆ. ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ಹೆಂಡತಿಯ ಹಕ್ಕಿನಿಂದ ಬಂದ ಆರನೇ ಒಂದು ಪಾಲು ಅಂತ ಬರೆದುಕೊಟ್ಟ ಪತ್ರ ಸಿಕ್ಕಿತು. ಯಾವ ಚರ್ಚಿನ ಪುಸ್ತಕದಲ್ಲೂ ಇಲ್ಲದ ಒಬ್ಬ ಮಗಳು. ಆ ಕಾಲದ ಹೆಂಗಸರು ಸಿಗುವುದು ಹೀಗೇ, ಅಪ್ಪನ ಆಸ್ತಿ ಹಂಚಿಕೆಯಲ್ಲಿ. ಮದುವೆಯಾದ ಮೇಲೆ ತವರಿನ ಹೆಸರು ಕಾಣೆಯಾಗುತ್ತದೆ, ಪಾಲಿನ ವಿಷಯ ಬಂದಾಗ ಮಾತ್ರ ಎಲ್ಲರಿಗೂ ನೆನಪಾಗುತ್ತದೆ. ನಮ್ಮಲ್ಲೂ ಬೇರೆ ಏನಲ್ಲ, ಅಲ್ವಾ?

ಪ್ರೊಬೇಟ್ ಕಡತದಲ್ಲಿ ಗಾರ್ಡಿಯನ್ ನೇಮಕದ ಕಾಗದವನ್ನು ಬಿಡಬೇಡಿ. 14 ತುಂಬಿದ ಮಕ್ಕಳು ತಮ್ಮ ಗಾರ್ಡಿಯನ್ನನ್ನು ತಾವೇ ಆರಿಸಬಹುದಿತ್ತು. ಹುಟ್ಟಿದ ದಾಖಲೆ ಇಲ್ಲದಿದ್ದರೂ ಇದರಿಂದ ವಯಸ್ಸಿನ ಅಂದಾಜು ಸಿಗುತ್ತದೆ. ಸತ್ತವನ ಸಾಮಾನಿನ ಪಟ್ಟಿಯನ್ನೂ ಪೂರ್ತಿ ಓದಿ. 1740ರ ದಶಕದ ಒಂದು ಪಟ್ಟಿಯಲ್ಲಿ ಹಸುಗಳು, ನೇಗಿಲು, ಪ್ಯೂಟರ್ (ತವರದ ಮಿಶ್ರಲೋಹ) ತಟ್ಟೆಗಳ ನಡುವೆ ಒಬ್ಬ ಕಪ್ಪು ಹುಡುಗಿಗೂ ಬೆಲೆ ಕಟ್ಟಿ ಬರೆದಿದ್ದರು. ಹೆಸರಿಲ್ಲ. ಗುಲಾಮಗಿರಿ ಅಮೆರಿಕದ ದಕ್ಷಿಣ ರಾಜ್ಯಗಳ ಕಥೆ ಅಂತ ನಂಬಿದ್ದ ಬೀಗರಿಗೆ ಅದನ್ನು ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅವರ ವಂಶಕ್ಕೆ 1630ರ ದಶಕದವರೆಗೂ ಕಾಗದ ಇದೆ. ಆ ಹುಡುಗಿಯ ವಂಶದವರು ಯಾರಾದರೂ ಇದ್ದರೆ ಅವರಿಗೆ ಸಿಗುವುದು ಇಂಥ ಒಂದು ಸಾಲು, ಅಷ್ಟೇ. ದಕ್ಷಿಣದಲ್ಲಿ ಗುಲಾಮರಾಗಿದ್ದವರ ಹೆಸರು ಜನಗಣತಿಯಲ್ಲಿ ಬಂದದ್ದೇ 1870ರಲ್ಲಿ.

ತಾರೀಖಿನ ಒಂದು ತೊಡಕು ಹೇಳಿಬಿಡುತ್ತೇನೆ. 1752ಕ್ಕಿಂತ ಮುಂಚೆ ಇಂಗ್ಲೆಂಡಿನ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1718ರ ಏಪ್ರಿಲ್‌ನಲ್ಲಿ ಮದುವೆ, 1718ರ ಫೆಬ್ರವರಿಯಲ್ಲಿ ಮಗು ಅಂತ ಇದ್ದರೆ ಗಾಬರಿ ಬೇಡ. ಮಗು ಹುಟ್ಟಿದ್ದು ಹತ್ತು ತಿಂಗಳ ಮೇಲೆ, ನಮ್ಮ ಲೆಕ್ಕದಲ್ಲಿ 1719. ಇದು ತಿಳಿಯದೆ ಗಂಡನಿಗೆ ಇಲ್ಲದ ಮೊದಲ ಹೆಂಡತಿಯನ್ನು ಕಟ್ಟಿದ ವೃಕ್ಷವನ್ನೂ ನೋಡಿದ್ದೇನೆ. ಹಾಗೆಯೇ ಜೂನಿಯರ್ ಅಂದರೆ ಮಗ ಅಂತಲೇ ಅಲ್ಲ, ಅದೇ ಊರಿನಲ್ಲಿ ಅದೇ ಹೆಸರಿನ ಕಿರಿಯ. ಹಿರಿಯವನು ಸತ್ತರೆ ಜೂನಿಯರ್ ಬಡ್ತಿ ಪಡೆದು ಸೀನಿಯರ್ ಆಗುತ್ತಿದ್ದ. ಡಿಎನ್ಎ ಪರೀಕ್ಷೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಷ್ಟು ಹಿಂದಿನ ತಲೆಮಾರಿಗೆ ಅದೊಂದನ್ನೇ ನೆಚ್ಚಿಕೊಳ್ಳಲು ಆಗುವುದಿಲ್ಲ.

ಮುದುಕನ ತಂದೆಯಿಂದ ಹಿಂದಕ್ಕೆ ದಾರಿ ನೆಟ್ಟಗಿತ್ತು. ಎಲ್ಲರೂ ಇಪ್ಸ್‌ವಿಚ್‌ನಲ್ಲೇ ಇದ್ದರು, ಜಮೀನು ಕೈಯಿಂದ ಕೈಗೆ ಬಂದಿತ್ತು. ಅಪ್ಪನಿಂದ ತನಗೆ ಬಂದ ಜಮೀನು ಅಂತ ಪತ್ರಗಳೇ ಹೇಳುತ್ತವೆ. ಕೊನೆಗೆ ಸಿಕ್ಕವನು 1630ರ ದಶಕದಲ್ಲಿ ಊರಿನಿಂದ ಜಾಗ ಪಡೆದವನು. 1633ರಲ್ಲಿ ಜಾನ್ ವಿಂತ್ರಾಪ್ ಕಿರಿಯನ ಮುಂದಾಳತ್ವದಲ್ಲಿ ನೆಲೆಯಾದ ಊರು ಅದು.

ನಾನಂತೂ ಮೂಲ ಹಕ್ಕು ಯಾರದ್ದು ಅಂತ ನೋಡದೆ ಕಡತ ಮುಚ್ಚುವವನಲ್ಲ. ಅಲ್ಲಿ ಮೊದಲಿದ್ದವರು ಅಗವಾಮ್ ಜನ. ಅವರ ನಾಯಕ ಮ್ಯಾಸ್ಕನಾಮೆಟ್ 1638ರಲ್ಲಿ ಇಪ್ಸ್‌ವಿಚ್ ಜಾಗವನ್ನು ವಿಂತ್ರಾಪ್‌ಗೆ 20 ಪೌಂಡಿಗೆ ಬರೆದುಕೊಟ್ಟ. ಕಥೆ ಅಲ್ಲಿಗೆ ಮುಗಿಯಲಿಲ್ಲ. 1700ರ ಸುಮಾರಿಗೆ ಅವನ ಮೊಮ್ಮಕ್ಕಳು ಎದ್ದು ನಿಂತು, ಅಜ್ಜನ ವಾರಸುದಾರರು ನಾವು ಅಂತ ಸುತ್ತಲಿನ ಊರುಗಳ ಮೇಲೆ ಹಕ್ಕು ಕೇಳಿದರು. ಹಲವು ಊರುಗಳು ದುಡ್ಡು ಕೊಟ್ಟು ಹಕ್ಕುಬಿಡುಗಡೆ ಪತ್ರ ಬರೆಸಿಕೊಂಡವು. ಕೊಟ್ಟ ಮೊತ್ತ ಚಿಲ್ಲರೆ. ಆದರೆ ಆ ವಂಶ ಕಾಗದದ ಮೇಲೆ ಉಳಿದದ್ದು ಹೀಗೆ.

ಬೀಗರು ಈಗ ಮೇಫ್ಲವರ್ ಸುದ್ದಿ ಎತ್ತುವುದಿಲ್ಲ. ಇಪ್ಸ್‌ವಿಚ್ ಸುದ್ದಿ ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಆ ಮೊದಲನೆಯವನು ಇಂಗ್ಲೆಂಡಿನ ಯಾವ ಹಳ್ಳಿಯಿಂದ ಬಂದ ಅನ್ನುವುದು ಈಗಿನ ಪ್ರಶ್ನೆ. 1620ರಿಂದ 1640ರೊಳಗೆ ನ್ಯೂ ಇಂಗ್ಲೆಂಡಿಗೆ, ಅಂದರೆ ಮ್ಯಾಸಚೂಸೆಟ್ಸ್ ಸುತ್ತಲಿನ ಸೀಮೆಗೆ, ಬಂದವರು ಸುಮಾರು 20,000 ಜನ, ಬಹಳ ಮಂದಿಯ ಹುಟ್ಟೂರು ಇನ್ನೂ ಸಿಕ್ಕಿಲ್ಲ. ಇಪ್ಸ್‌ವಿಚ್‌ಗೆ ಬಂದವರಲ್ಲಿ ಇಂಗ್ಲೆಂಡಿನ ಸಫೋಕ್ ಕಡೆಯವರು ಜಾಸ್ತಿ. ಅದಕ್ಕೇ ಅಲ್ಲಿಯ ಹಳೇ ವಿಲ್‌ಗಳನ್ನು ಓದುತ್ತಿದ್ದೇನೆ. ನ್ಯೂ ಇಂಗ್ಲೆಂಡಿನಲ್ಲಿರುವ ಮಗನಿಗೆ ಇಷ್ಟು ಪೌಂಡ್ ಅಂತ ಯಾರಾದರೂ ಅಪ್ಪ ಬರೆದಿಟ್ಟಿದ್ದರೆ ಸಾಕು.